ಪಾಟಿಯಷ್ಟು ಬೋರ್ಡು

ಮಾಳಿಗೆಯ ಮೇಲೆ ಹಪ್ಪಳ ಒಣಹಾಕುತ್ತಿದ್ದೆ. ನಮ್ಮವರು ಅಂಗಳದಿಂದಲೇ, "ಬಾಜೂ ಮನಿ ವಕೀಲ ಕಾಕಾ ವಕೀಲಕಿ ಸನದು ವಾಪಸ್ ಕೊಟ್ಟರಂತ. ಇನ್ನ ಕೋರ್ಟಿಗೆ ಹೋಗಂಗಿಲ್ಲಂತ" ಎಂದರು.

ಗೋಕಾಕದ ನಮ್ಮ ಓಣಿಯಲ್ಲಿ ಕಾಕಾರ ಬೋರ್ಡು ಸಾಲಿ ಮಕ್ಕಳ ಪಾಟಿಯಷ್ಟೇ ಇತ್ತು. ದಿನಾ ವಿಭೂತಿ ಹಚ್ಚಿಕೊಂಡು ಬಂದು ಅದನ್ನು ಟಾವೆಲ್ಲಿನಿಂದ ಒರೆಸುತ್ತಿದ್ದರು. ವಕೀಲರು ಜಾಹೀರಾತು ಮಾಡಬಾರದು, ಬೋರ್ಡೂ ಅತಿ ದೊಡ್ಡದಿರಬಾರದು ಎಂಬುದು ವಕೀಲರ ಪರಿಷತ್ತಿನ ನಿಯಮ. ಆದರೂ ಬೇರೆಯವರ ಬೋರ್ಡುಗಳು ಬಾಗಿಲಿಗಿಂತ ದೊಡ್ಡವಾಗಿದ್ದವು. "ನೀವೂ ಒಂದ ದೊಡ್ಡದು ಹಾಕ್ರಿ ಕಾಕಾ" ಎಂದರೆ, "ಸನದು ಕೊಟ್ಟ ಪರಿಷತ್ತು ಕೇಳಿದರ ಏನ ಹೇಳ್ಲಿ ಯವ್ವಾ?" ಎಂದು ನಗುತ್ತಿದ್ದರು.

ಹೋದ ವರ್ಷ ಅಂಕಲಗಿಯ ವಿಧವೆಯೊಬ್ಬಳು, ಬಡವರ ಕೇಸು ಫೀ ಇಲ್ಲದೆ ನಡೆಸುತ್ತಾರೆಂದು ಕೇಳಿ, ಕಾಕಾರನ್ನು ಹುಡುಕುತ್ತ ಬಂದಳು. ಭಾವ ಅವಳ ಮನೆ ಕೆಡವದಂತೆ ಕೋರ್ಟು ಕೊಟ್ಟಿದ್ದ ತಡೆಯಾಜ್ಞೆ ಅವತ್ತಿಗೆ ಮುಗಿಯುವುದಿತ್ತು. ಅದನ್ನು ಮುಂದುವರಿಸಲು ವಕೀಲರು ಬೇಕಿತ್ತು. ಬೆಳಗಿನಿಂದ ಓಣಿ ತಿರುಗಿದರೂ ಕಾಕಾರ ಬೋರ್ಡು ಅವಳ ಕಣ್ಣಿಗೆ ಬಿದ್ದಿರಲಿಲ್ಲ. ನಾನು ಅವಳನ್ನು ನೋಡಿ ಮನೆ ತೋರಿಸುವಾಗ ಮಧ್ಯಾಹ್ನವಾಗಿತ್ತು. ಅವತ್ತು ಕೇಸಿಲ್ಲದೆ ಮನೆಯಲ್ಲೇ ಇದ್ದ ಕಾಕಾ, ಉಣ್ಣುವ ತಾಟು ಬಿಟ್ಟು ಕರಿಕೋಟು ಹಿಡಿದು ಓಡಿದರು. ಅಷ್ಟರಲ್ಲಿ ಕೇಸು ಕೂಗಿ ಮುಗಿದು, ತಡೆ ತೆರವಾಗಿತ್ತು. ಸಂಜೆಗೆ ಅವಳ ಮನೆಯ ಗೋಡೆ ಉರುಳಿತು. ಶಿವನ ದಯೆ, ಮಕ್ಕಳು ಹೊರಗಿದ್ದರು.

ಮರುದಿನ ಅವಳು ಬಂದು, "ಹೆಸರ ಕಾಣೂವಂಗ ಬರಸಬಾರದಾಗಿತ್ತೇನ್ರಿ ಯಪ್ಪಾ?" ಎಂದಳು. ಕಾಕಾ ನಗಲಿಲ್ಲ, ಪರಿಷತ್ತಿನ ಮಾತೂ ಎತ್ತಲಿಲ್ಲ.

"ಪರಿಷತ್ತಿಗೆ ಕಾರಣ ಏನಂತ ಬರದಾರಂತ್ರಿ?" ಎಂದು ಮಾಳಿಗೆಯಿಂದಲೇ ನಮ್ಮವರನ್ನು ಕೇಳಿದೆ.

"ವಯಸ್ಸಾತಂತ" ಎಂದರು ನಮ್ಮವರು.

ಕಾಕಾ ಪರಿಷತ್ತಿಗೆ ಹೇಳಿದ ಸುಳ್ಳು ಇದೊಂದೇ ಇರಬೇಕು. ಒಲೆಯ ಮೇಲೆ ಹಾಲಿತ್ತು. ಕೆಳಗಿಳಿದು ಹೋಗಿ ಉರಿ ಸಣ್ಣದು ಮಾಡಿದೆ.