ಗುಬ್ಬಿ ಹಿಡಿದ ಹಗ್ಗ

ಅವಳಿಗೆ ಗುಬ್ಬಿ ಎಂದು ಹೆಸರಿಟ್ಟವನು ಅವಳ ಅಣ್ಣ. ಮೈಮೇಲೆ ಮಾಂಸವೇ ಇಲ್ಲ, ಗಾಳಿ ಜೋರಾಗಿ ಬೀಸಿದರೆ ಇವಳನ್ನು ಪಕ್ಕದ ಬೀದಿಯಲ್ಲಿ ಹುಡುಕಬೇಕು ಎಂದು ಅವನು ಚಿಕ್ಕಂದಿನಲ್ಲಿ ಆಡಿಕೊಂಡದ್ದು, ಅವಳ ಮದುವೆಯಾಗಿ, ಮಗಳ ಮದುವೆಯೂ ಆಗಿ, ತಲೆ ನರೆತ ಮೇಲೂ ಹಾಗೆಯೇ ಉಳಿದುಕೊಂಡಿತು. ಅಣ್ಣನಿಗೂ ಒಂದು ಅಡ್ಡಹೆಸರಿತ್ತು, ಗೂಟ. ಅವಳ ಗಂಡನಿಗೆ ಉಡ. ಇಬ್ಬರೂ ಮರದ ಕೆಲಸದವರು. ಒಣಗಿದ ಕೊಂಬೆ ಇಳಿಸುವುದು, ತಂತಿಗೆ ತಾಗುವ ರೆಂಬೆ ಸವರುವುದು, ಗಾಳಿಗೆ ಸೀಳಿದ ಮರಕ್ಕೆ ಪಟ್ಟಿ ಬಿಗಿದು ಉಳಿಸಿಕೊಳ್ಳುವುದು, ಉಳಿಯದು ಎಂದಾದರೆ ತುಂಡು ತುಂಡಾಗಿ ಕೆಳಗಿಳಿಸುವುದು ಅವರ ಹೊಟ್ಟೆಪಾಡು. ಉಡ ಮೇಲೆ, ಗೂಟ ಕೆಳಗೆ.

ಕೆಳಗಿನವನ ಕೆಲಸ ನೋಡುವವರಿಗೆ ಕೆಲಸವೆಂದೇ ಅನ್ನಿಸುವುದಿಲ್ಲ. ಮೇಲಿನವನು ತನ್ನ ಸೊಂಟಕ್ಕೆ ಬೇರೆ ಹಗ್ಗ ಕಟ್ಟಿಕೊಂಡಿರುತ್ತಾನೆ. ಕೊಯ್ಯಬೇಕಾದ ಕೊಂಬೆಗೆ ಇನ್ನೊಂದು ಹಗ್ಗ. ಆ ಹಗ್ಗ ಎತ್ತರದ ಒಂದು ಕವಲಿನ ಮೇಲೆ ಹಾದು, ಕೆಳಗಿಳಿದು, ಮರದ ಬುಡಕ್ಕೆ ಎರಡು ಸುತ್ತು ಬಂದು ಕೆಳಗಿನವನ ಕೈ ಸೇರುತ್ತದೆ. ಕೊಂಬೆ ಕಳಚಿದ ಗಳಿಗೆಯಲ್ಲಿ ಅದರ ಭಾರವೆಲ್ಲ ಆ ಕೈಗೆ. ಗೂಟ ಹಗ್ಗ ಹಿಡಿದು ನಿಂತನೆಂದರೆ ನೆಲಕ್ಕೆ ಹೊಡೆದ ಗೂಟವೇ, ಮೈಮೇಲೆ ಇರುವೆ ಹತ್ತಿದರೂ ಕದಲುತ್ತಿರಲಿಲ್ಲ. ಗಂಟಲು ಹರಿದುಕೊಳ್ಳುವುದು ಅವನಿಗೆ ಆಗದು. ಭಾವ ಮೈದುನರ ಮಾತೆಲ್ಲ ಹಗ್ಗದಲ್ಲೇ. ಮೇಲಿನಿಂದ ಒಂದು ಸಲ ಜಗ್ಗಿದರೆ ಕೊಯ್ಯುತ್ತಿದ್ದೇನೆ ಎಂದರ್ಥ, ಎರಡು ಸಲ ಜಗ್ಗಿದರೆ ತಡಿ ಎಂದರ್ಥ. ಇಬ್ಬರೂ ಜೊತೆಯಲ್ಲೇ ಹೋಗಿ ಜೊತೆಯಲ್ಲೇ ಬಂದರೂ ತುಟಿ ಪಿಟಕ್ಕೆನ್ನದ್ದು ಕಂಡು, ಇವರಿಗೆ ಯಾವುದೋ ಹಳೇ ಜಗಳವಿರಬೇಕು ಎಂದು ಬೀದಿಯವರು ಅಂದುಕೊಂಡಿದ್ದರು.

ಗುಬ್ಬಿಯ ಕೆಲಸವೂ ಹಗ್ಗದ್ದೇ, ಆದರೆ ಮನೆಯಲ್ಲಿ. ಸಂಜೆ ಹಗ್ಗ ಬಂದ ಕೂಡಲೇ ಹಿತ್ತಿಲಲ್ಲಿ ಬಿಚ್ಚಿ, ಅಂಟು ಒರೆಸಿ, ನೆರಳಲ್ಲಿ ಹರವುವಳು. ಆಮೇಲೆ ಕಣ್ಣು ಮುಚ್ಚಿಕೊಂಡು ಈ ತುದಿಯಿಂದ ಆ ತುದಿಯವರೆಗೂ ಮುಷ್ಟಿಯೊಳಗೆ ಎಳೆದು ನೋಡುವಳು. ಎಲ್ಲಾದರೂ ಎಳೆ ಕಿತ್ತಿದ್ದರೆ, ಒಳಗೆ ಟೊಳ್ಳಾಗಿದ್ದರೆ ಬೆರಳಿಗೆ ಗೊತ್ತಾಗುತ್ತಿತ್ತು. ಅಲ್ಲಿಗೊಂದು ಕೆಂಪು ದಾರ ಕಟ್ಟುವಳು. ಕೆಂಪು ದಾರ ಕಂಡ ಹಗ್ಗ ಮತ್ತೆ ಮರ ಹತ್ತುತ್ತಿರಲಿಲ್ಲ, ಬಟ್ಟೆ ಒಣಹಾಕುವುದಕ್ಕೆ ಸೇರುತ್ತಿತ್ತು. ನಮ್ಮ ಮನೆಯಲ್ಲಿ ಬಟ್ಟೆಗಿಂತ ಹಗ್ಗವೇ ಹೆಚ್ಚು ಎಂದು ಮಗಳು ನಗುವಳು. ಇಷ್ಟೆಲ್ಲ ಮಾಡಿದವಳು ಗಂಡ ಮರ ಹತ್ತಿದ್ದನ್ನು ಒಮ್ಮೆಯೂ ಕಣ್ಣಾರೆ ನೋಡಿರಲಿಲ್ಲ. ನೋಡುವ ಎದೆ ಅವಳಿಗಿರಲಿಲ್ಲ. ಸಂಜೆ ಅವನ ಚಪ್ಪಲಿ ಸದ್ದು ಕೇಳಿದರೆ ಸಾಕಾಗಿತ್ತು.

ಆಮೇಲೆ ಆ ರೋಗ ಬಂತು. ಮೊದಮೊದಲು ಬೀದಿಯೇ ಮುಚ್ಚಿದ್ದರಿಂದ ಗರಗಸಗಳು ಮೂಲೆ ಸೇರಿದವು. ಇಬ್ಬರೂ ಕೈಕಟ್ಟಿ ಕೂತರು. ಜನರೆಲ್ಲ ಮೂಗು ಬಾಯಿಗೆ ಬಟ್ಟೆ ಕಟ್ಟಿಕೊಂಡು ಓಡಾಡುವುದನ್ನು ಕಿಟಕಿಯಿಂದ ನೋಡಿ ಉಡ, ಅಂತೂ ಊರಿಗೆ ಊರೇ ಮರದ ಕೆಲಸಕ್ಕೆ ಸೇರಿತು ಎಂದ. ಗರಗಸದ ಹೊಟ್ಟಿಗೆಂದು ಅವರು ಮೊದಲಿನಿಂದಲೂ ಬಟ್ಟೆ ಕಟ್ಟುತ್ತಿದ್ದವರು.

ಕೆಲಸಕ್ಕೆ ಹೋಗಬಹುದು ಎಂದು ಪಾಸು ಕೊಟ್ಟ ಮೇಲೆ ಹೊಸ ತಲೆನೋವು ಶುರುವಾಯಿತು. ಮೊದಲು ಬೆಳಗಿನ ಹೊತ್ತು ಕಳೆದರೆ ಮನೆಗಳು ಖಾಲಿಯಾಗುತ್ತಿದ್ದವು, ಮರದ ಕೆಳಗೆ ಯಾರೂ ಇರುತ್ತಿರಲಿಲ್ಲ. ಈಗ ಎಲ್ಲರೂ ಮನೆಯಲ್ಲೇ. ಕಿಟಕಿಯ ಮುಂದೆ ಕೂತು ಕೂತು, ಇಷ್ಟು ಕಾಲ ಕಣ್ಣಿಗೇ ಬೀಳದಿದ್ದ ಮರವನ್ನು ಜನ ನೋಡತೊಡಗಿದರು. ನಮ್ಮ ಮರ ವಾಲುತ್ತಿದೆ ಎಂದು ಒಬ್ಬರ ಫೋನು. ಹೋಗಿ ನೋಡಿದರೆ ಅದು ಹುಟ್ಟಿದಾಗಿನಿಂದಲೂ ವಾಲಿದ್ದೇ. ಕೊಂಬೆ ತೆಗೆಯಿರಿ ಎಂದು ಕರೆದವರೇ, ಗರಗಸ ಶುರುವಾದ ಮೇಲೆ ಬಾಗಿಲು ತೆಗೆದು, ಮೀಟಿಂಗ್ ನಡೀತಿದೆ, ಸದ್ದು ಮಾಡದೆ ಕೊಯ್ಯಿರಿ ಎಂದರು. ಗೂಟ ಮಾತ್ರ ಯಾವುದನ್ನೂ ಕಿವಿಗೆ ಹಾಕಿಕೊಳ್ಳದೆ ಹಗ್ಗ ಹಿಡಿದು ನಿಂತಿರುತ್ತಿದ್ದ.

ಆ ಗೂಟವೇ ಅಲುಗಾಡಿತು. ಜ್ವರ ಎಂದು ಮಲಗಿದವನನ್ನು ಆಸ್ಪತ್ರೆಗೆ ಸೇರಿಸಬೇಕಾಯಿತು. ಜೀವ ಉಳಿಯಿತು, ಉಸಿರು ಮಾತ್ರ ಪೂರ್ತಿ ವಾಪಸು ಬರಲಿಲ್ಲ. ಹೆಂಡತಿ ತೀರಿಕೊಂಡ ಮೇಲೆ ಅವನು ತಂಗಿಯ ಮನೆಯ ಹಿಂದಿನ ಕೋಣೆಯಲ್ಲೇ ಇದ್ದವನು. ಕೋಣೆಯಿಂದ ನಲ್ಲಿಯವರೆಗೆ ನಡೆದರೆ ಸಾಕು, ಗೋಡೆ ಹಿಡಿದು ನಿಲ್ಲಬೇಕಿತ್ತು. ಕೆಲಸದ ಮಾತು ಅವನು ಎತ್ತಲಿಲ್ಲ, ಇವರೂ ಎತ್ತಲಿಲ್ಲ. ಅವನ ತೊಗಲಿನ ಕೈಗವಸು ಗೋಡೆಯ ಮೊಳೆಯಲ್ಲಿ ನೇತಾಡುತ್ತಿತ್ತು. ಗುಬ್ಬಿ ಗುಡಿಸುವಾಗ ಅದರ ಧೂಳು ಕೊಡವಿ ಮತ್ತೆ ಅಲ್ಲೇ ಹಾಕುವಳು.

ಉಡ ಬೇರೆ ಕಡೆಯ ಕೆಲಸಗಾರನೊಬ್ಬನನ್ನು ಹಗ್ಗಕ್ಕೆ ನಿಲ್ಲಿಸಿ ಮರ ಹತ್ತಿದ. ಅರ್ಧಕ್ಕೆ ಹೋದವನು ಏನೂ ಕೊಯ್ಯದೆ ಇಳಿದು ಬಂದ. ಆ ಮನುಷ್ಯ ಕೆಟ್ಟವನಲ್ಲ, ಫೋನು ಬಂದಾಗ ಹಗ್ಗವನ್ನು ಕಂಕುಳಿಗೆ ಸಿಕ್ಕಿಸಿಕೊಂಡನಂತೆ, ಅಷ್ಟೆ. ಅಲ್ಲಿಂದ ಮುಂದೆ ಉಡ ಏಣಿ ಇಟ್ಟು ಬೇಲಿ ಗಿಡ ಕತ್ತರಿಸುವ ಕೆಲಸ ಮಾತ್ರ ಹಿಡಿದ. ಏನ್ರೀ, ಕ್ಷೌರದ ಅಂಗಡಿ ಇಟ್ಟಿರಾ ಎಂದು ಗುಬ್ಬಿ ರೇಗಿಸಿದರೆ ನಕ್ಕನಾದರೂ ಆ ನಗು ಕಣ್ಣಲ್ಲಿ ಕಾಣಲಿಲ್ಲ.

ಹೀಗಿರುವಾಗ ಒಂದು ಬೆಳಿಗ್ಗೆ ಫೋನು ಬಂತು. ಕೆಳಗಿನ ಬೀದಿಯಲ್ಲಿ ಹೊಲಿಗೆ ಟೀಚರ್ ಎಂದು ಎಲ್ಲರಿಗೂ ಗೊತ್ತಿದ್ದ ಮುದುಕಿಯ ಮಗಳು. ಓಣಿಯ ಮಳೆಮರದ ದೊಡ್ಡ ಕೊಂಬೆ ಹಿಂದಿನ ದಿನದ ಗಾಳಿಗೆ ಬುಡದಲ್ಲೇ ಸೀಳಿ, ಅವರ ಹೆಂಚಿನ ಮೇಲೆ ಜೋತುಬಿದ್ದಿತ್ತು. ಬೇರೆ ಕಾಲವಾಗಿದ್ದರೆ ಮನೆ ಖಾಲಿ ಮಾಡಿಸಿ ಇಳಿಸಬಹುದಿತ್ತು. ಆದರೆ ಆ ಕೊಂಬೆಯ ನೇರ ಕೆಳಗಿನ ಕೋಣೆಯಲ್ಲಿ, ಅದೇ ರೋಗ ಹಿಡಿದು, ಉಸಿರಿನ ಯಂತ್ರದ ಕೊಳವೆ ಮೂಗಿಗಿಟ್ಟುಕೊಂಡು ಟೀಚರ್ ಮಲಗಿದ್ದರು. ಆಸ್ಪತ್ರೆಯಲ್ಲಿ ಹಾಸಿಗೆಯಿಲ್ಲ. ಮನೆಯಲ್ಲಿ ಇನ್ನೊಂದು ಕೋಣೆಯಿಲ್ಲ. ರೋಗದ ಮನೆ ಎಂದು ಒಳಗೆ ಬಂದು ಮಂಚ ಎತ್ತಿಕೊಡುವವರೂ ಇಲ್ಲ.

ಉಡ ಹೋಗಿ ನೋಡಿಕೊಂಡು ಬಂದು, ಇನ್ನೊಂದು ಗಾಳಿ ಬಂದರೆ ಅದು ನಿಲ್ಲುವುದಿಲ್ಲ ಎಂದ. ಭಾವ ಇದ್ದಿದ್ದರೆ ಎಂದು ಶುರು ಮಾಡಿ, ಹಿಂದಿನ ಕೋಣೆಯ ಬಾಗಿಲು ತೆರೆದಿರುವುದು ಕಂಡು ಸುಮ್ಮನಾದ. ಗುಬ್ಬಿ ಪಾತ್ರೆ ತೊಳೆಯುತ್ತಿದ್ದಳು.

"ಹಗ್ಗ ನಾನು ಹಿಡೀತೀನಿ" ಅಂದಳು.

ಉಡನಿಗೆ ನಗು ಬಂತು, ಆಮೇಲೆ ಸಿಟ್ಟು ಬಂತು. ಕೊಂಬೆ ಎಳೆದರೆ ನೀನೇ ಮೇಲೆ ಹೋಗಿ ಕೂತುಕೋತೀಯ, ಆಮೇಲೆ ನಿನ್ನನ್ನ ಇಳಿಸೋಕೆ ಬೇರೆ ಹಗ್ಗ ತರಬೇಕು ಎಂದ. ಅವಳು ಪಟ್ಟು ಬಿಡಲಿಲ್ಲ. ಒಂದೇ ಮನೆಯವರು ಹತ್ತಿರ ನಿಲ್ಲುವುದಕ್ಕೆ ಯಾರ ಅಡ್ಡಿಯೂ ಇಲ್ಲ, ಹಗ್ಗದ ಗುಣ ತನಗೆ ಗೊತ್ತು, ಅಲ್ಲಿ ಮಲಗಿರುವವರು ಮಗಳ ಲಂಗ ಹೊಲಿದುಕೊಟ್ಟವರು ಎಂದಳು. ಗೂಟ ಆಗ ಕೋಣೆಯಿಂದ ಹೊರಗೆ ಬಂದ. ಮೊಳೆಯಿಂದ ಕೈಗವಸು ತೆಗೆದು ತಂಗಿಯ ಮುಂದೆ ಇಟ್ಟ.

"ಇವಳು ಹಗುರ. ಬುಡಕ್ಕೆ ಒಂದು ಸುತ್ತು ಜಾಸ್ತಿ ಹಾಕ್ಲಿ," ಅಂದು ಉಸಿರು ತೆಗೆದುಕೊಂಡು, "ನಂಗೊಂದು ಕುರ್ಚಿ ತಗೊಳ್ಳಿ" ಅಂದ.

ಓಣಿಯ ಎದುರು ಬದಿಯಲ್ಲಿ, ರೋಗದ ಮನೆಯಿಂದ ದೂರವಾಗಿ, ಕುರ್ಚಿ ಹಾಕಿ ಗೂಟನನ್ನು ಕೂರಿಸಿದರು. ಮರದ ಬುಡದ ಹಿಂದೆ ನಿಂತ ಗುಬ್ಬಿಗೆ ಮನೆಯ ಹೆಂಚು ಕಾಣುತ್ತಿರಲಿಲ್ಲ, ದಪ್ಪ ಕಾಂಡ ಅಡ್ಡ. ಅಣ್ಣ ಕಾಣುತ್ತಿದ್ದ, ಅಣ್ಣನಿಗೆ ಎಲ್ಲ ಕಾಣುತ್ತಿತ್ತು. ಟೀಚರ್ ಕೋಣೆಯ ಕಿಟಕಿಯಿಂದ ಯಂತ್ರದ ಗುರ್ ಗುರ್ ಸದ್ದು ಒಂದೇ ಸಮನೆ ಬರುತ್ತಿತ್ತು. ಮಗಳು ಕಿಟಕಿಯ ಹತ್ತಿರ ಬಂದು, ಅಮ್ಮನಿಗೆ ಕೊಂಬೆಯ ವಿಷಯ ಹೇಳಿಲ್ಲ, ಮರ ಸವರುತ್ತಾರೆ ಎಂದಷ್ಟೇ ಹೇಳಿದ್ದೇನೆ ಎಂದು ಕೈಮುಗಿದಳು.

ಗಂಡ ಮರ ಹತ್ತುವುದನ್ನು ಗುಬ್ಬಿ ಅವತ್ತು ಮೊದಲ ಸಲ ನೋಡಿದಳು. ಮನೆಯಲ್ಲಿ ಮಂಡಿನೋವು ಎಂದು ನರಳುವ ಮನುಷ್ಯ, ಗೋಡೆಯ ಮೇಲೆ ಹಲ್ಲಿ ಹರಿದ ಹಾಗೆ ಹರಿದು ಎಲೆಗಳೊಳಗೆ ಹೊಕ್ಕ. ಇವರಿಗೆ ಮಂಡಿನೋವು ಬರುವುದು ಅಂಗಡಿಗೆ ಹೋಗು ಎಂದಾಗ ಮಾತ್ರ ಎಂದು ಅವಳಿಗೆ ಹೊಳೆಯಿತು.

ಮೊದಲು ಒಂದು ಸಣ್ಣ ರೆಂಬೆ ಇಳಿಸಿ ನೋಡುವುದೆಂದು ಮಾತಾಗಿತ್ತು. ಅಣ್ಣ ಹೇಳಿದ್ದಂತೆ ಗುಬ್ಬಿ ಮೂರು ಸುತ್ತು ಹಾಕಿದಳು. ಮೇಲೆ ನೋಡಿದರೆ ಗಂಡನ ಕಾಲು ಮಾತ್ರ ಕಾಣುತ್ತಿತ್ತು. ಇರಲಿ ಎಂದು ಯಾರಿಗೂ ಹೇಳದೆ ಇನ್ನೊಂದು ಸುತ್ತು ಹಾಕಿದಳು. ಹಗ್ಗ ಒಂದು ಸಲ ಜಗ್ಗಿತು. ಗರಗಸ ಕೂಗಿತು. ರೆಂಬೆ ಕಳಚಿತು, ಕಳಚಿದ್ದು ಕೆಳಗೆ ಬರಲೇ ಇಲ್ಲ. ಹಗ್ಗ ಬುಡಕ್ಕೆ ಕಚ್ಚಿಕೊಂಡಿತ್ತು. ರೆಂಬೆ ಗಕ್ಕನೆ ನಿಂತು ಉಯ್ಯಾಲೆಯಾಡಿತು, ಅದರ ಎಳೆತಕ್ಕೆ ಮೇಲಿನ ಕವಲು ನಡುಗಿತು, ಉಡ ಕಾಂಡವನ್ನು ಅಪ್ಪಿಕೊಂಡ. ರೆಂಬೆಯ ತುದಿ ಹೆಂಚಿಗೆ ತಾಗಿ ಒಂದು ಹೆಂಚು ಜಾರಿ ಓಣಿಯಲ್ಲಿ ಒಡೆಯಿತು. ಹಗ್ಗ ಎರಡು ಸಲ ಜಗ್ಗಿತು. ತಡಿ.

ಗುಬ್ಬಿ ಯಂತ್ರದ ಸದ್ದು ಇದೆಯೇ ಎಂದು ಕಿವಿಗೊಟ್ಟಳು, ಇತ್ತು. ಗೂಟನಿಗೆ ಕೂಗುವ ಉಸಿರಿರಲಿಲ್ಲ. ಕುರ್ಚಿಯಿಂದ ಎದ್ದು, ನಡುವೆ ಒಂದು ಸಲ ನಿಂತು, ಓಣಿ ದಾಟಿ ಬಂದ. ಬುಡದ ಸುತ್ತುಗಳನ್ನು ನೋಡಿದ. ಬೈಯುತ್ತಾನೆ ಎಂದುಕೊಂಡಳು.

"ಇನ್ನೊಂದು ಯಾಕೆ ಹಾಕ್ದೆ?"

"ಭಯ ಆಯ್ತಣ್ಣ."

"ಅಂಗೈ ಬಿಸಿ ಆಯ್ತಾ?"

"ಇಲ್ಲ."

"ಹಂಗಾದ್ರೆ ನೀನು ಹಿಡಿದೇ ಇಲ್ಲ. ಮರ ಹಿಡಕೊಂಡಿತ್ತು." ಸ್ವಲ್ಪ ಹೊತ್ತು ಉಸಿರು ಎಳೆದುಕೊಂಡ. "ಒಂದು ಬಿಚ್ಚು. ಹಗ್ಗ ಓಡ್ಬೇಕು ಗುಬ್ಬಿ, ನಿನ್ನ ಕೈಯಲ್ಲಿ ಓಡ್ಬೇಕು. ದೊಡ್ಡದು ಕಳಚಿದ್ ಕೂಡ್ಲೆ ಈ ಕಡೆ ಬೀಸ್ಕೊಂಡು ಬರುತ್ತೆ. ಆಗ ಬಿಡಬೇಕು. ಹಿಡ್ಕೊಂಡ್ರೆ ತಿರುಗಿ ಅವರ ಮನೆಗೇ ಹೋಗುತ್ತೆ. ಮೇಲೆ ನೋಡ್ಬೇಡ. ನನ್ನ ಕೈ ನೋಡು. ಎತ್ತಿದ್ರೆ ಹಿಡಿ, ಇಳಿಸಿದ್ರೆ ಬಿಡು."

ಒಂದು ಸುತ್ತು ಬಿಚ್ಚಿದಳು. ನೇತಾಡುತ್ತಿದ್ದ ರೆಂಬೆ ಮೆಲ್ಲಗೆ ಇಳಿದು ನೆಲ ಮುಟ್ಟಿತು. ಅಂಗೈ ಬೆಚ್ಚಗಾಯಿತು. ಅಣ್ಣ ವಾಪಸು ಹೋಗಿ ಕುರ್ಚಿಯಲ್ಲಿ ಕೂತು ಬಲಗೈಯನ್ನು ಎದೆಯ ಮಟ್ಟಕ್ಕೆ ಎತ್ತಿ ಹಿಡಿದ.

ಉಡ ಮೇಲೆ ಬಹಳ ಹೊತ್ತು ಹಗ್ಗ ಕಟ್ಟಿದ, ಬಿಚ್ಚಿದ, ಇನ್ನೂ ಆಚೆಗೆ ಕಟ್ಟಿದ. ಇಳಿದು ಬಂದುಬಿಡುತ್ತಾನೇನೋ ಎಂದು ಅವಳಿಗೆ ಅನ್ನಿಸಿತು. ಬೇರೆಯವನನ್ನು ನಿಲ್ಲಿಸಿದ್ದಾಗ ಇಳಿದು ಬಂದ ಮನುಷ್ಯ. ಈ ಸಲ ಹಗ್ಗ ಒಂದು ಸಲ ಜಗ್ಗಿತು. ಅವಳು ಅಣ್ಣನ ಕೈಯಲ್ಲಿ ಕಣ್ಣು ನೆಟ್ಟಳು. ಮೇಲೆ ಗರಗಸ ಕೂಗುತ್ತಲೇ ಇತ್ತು, ಆಮೇಲೆ ಮರದೊಳಗಿಂದ ಹಲ್ಲು ಕಿತ್ತಂಥ ಸದ್ದು ಬಂತು. ಭಾರ ಹಗ್ಗಕ್ಕೆ ಬಿತ್ತು, ಅವಳ ಹಿಮ್ಮಡಿ ಮಣ್ಣಿನಲ್ಲಿ ಹೂತಿತು. ಅಣ್ಣನ ಕೈ ಎತ್ತಿದ್ದು ಎತ್ತಿದ ಹಾಗೇ ಇತ್ತು. ನೆರಳೊಂದು ಓಣಿಯ ಮೇಲೆ ಹರಿದು ಬಂತು. ಕೈ ತೊಡೆಗೆ ಬಿತ್ತು.

ಬಿಟ್ಟಳು. ಹಗ್ಗ ಕೈಗವಸಿನೊಳಗೆ ಓಡಿತು, ತೊಗಲು ಸುಟ್ಟ ವಾಸನೆ ಬಂತು, ಅಂಗೈ ಕಾದ ತವೆ ಮುಟ್ಟಿದ ಹಾಗೆ ಕಾಯಿತು. ಅಣ್ಣನ ಕೈ ಮೆಲ್ಲಗೆ ಮೇಲೇಳುತ್ತಿದ್ದ ಹಾಗೆ ಅವಳೂ ಬಿಗಿ ಮಾಡಿದಳು. ಓಡುತ್ತಿದ್ದ ಹಗ್ಗ ನಡೆಯತೊಡಗಿತು. ಕೊಂಬೆ ಎಲೆಗಳನ್ನೆಲ್ಲ ಮುಂದೆ ಮಾಡಿಕೊಂಡು ಓಣಿಯಲ್ಲಿ ಮಲಗಿತು. ಉಸ್ಸೆಂದು ಧೂಳು ಎದ್ದು ಅಡಗಿತು. ಅದು ಅಡಗಿದ ಮೇಲೆ ಯಂತ್ರದ ಗುರ್ ಗುರ್ ಸದ್ದು ಕೇಳಿಸಿತು. ಕಿಟಕಿಯೊಳಗಿಂದ ಕ್ಷೀಣವಾದ ದನಿಯೊಂದು, ಇವತ್ತು ಕೋಣೆಗೆ ಬೆಳಕು ಜಾಸ್ತಿ ಬಂದಿದೆಯಲ್ಲ ಎಂದು ಮಗಳನ್ನು ಕೇಳಿತು.

ಉಡ ಇಳಿದು ಬಂದು ನೀರು ಕುಡಿದ. ಹೊಗಳುವ ಮಾತು ಅವನ ಬಾಯಲ್ಲಿ ಯಾವತ್ತೂ ಬಂದದ್ದಿಲ್ಲ. ಹೆಂಡತಿಯ ಅಂಗೈ ತಿರುಗಿಸಿ ನೋಡಿ, ಇವತ್ತು ಪಾತ್ರೆ ನಾನು ತೊಳೀತೀನಿ ಎಂದ. ಗೂಟ ಕುರ್ಚಿಯಿಂದಲೇ, ಹಂಗಾದ್ರೆ ನಾಳೆ ಹೊಸ ಪಾತ್ರೆ ತಗೋಬೇಕು ಎಂದ. ಆಸ್ಪತ್ರೆಯಿಂದ ಬಂದ ಮೇಲೆ ಅವನು ತಮಾಷೆ ಮಾಡಿದ್ದು ಅದೇ ಮೊದಲು.

ಸಂಜೆ ಗುಬ್ಬಿ ಎಂದಿನಂತೆ ಹಿತ್ತಿಲಲ್ಲಿ ಹಗ್ಗ ಹರವಿ, ಕಣ್ಣು ಮುಚ್ಚಿ ಮುಷ್ಟಿಯೊಳಗೆ ಎಳೆದಳು. ಏನೂ ತಿಳಿಯಲಿಲ್ಲ. ಅಂಗೈ ಊದಿಕೊಂಡು ಹಗ್ಗವೂ ಒಂದೇ, ಸೌದೆಯೂ ಒಂದೇ ಆಗಿತ್ತು. ಎದ್ದು ಹೋಗಿ ಹಗ್ಗದ ತುದಿಯನ್ನು ಅಣ್ಣನ ಕೈಗೆ ಕೊಟ್ಟಳು.

"ನೀನು ನೋಡಣ್ಣ. ನಂಗೆ ಗೊತ್ತಾಗ್ತಿಲ್ಲ."

ಗೂಟ ಕಣ್ಣು ಮುಚ್ಚಿಕೊಂಡ. ಅವಸರವಿಲ್ಲದೆ, ಬೇಕಾದಾಗ ನಿಲ್ಲಿಸಿ ಉಸಿರು ಎಳೆದುಕೊಂಡು, ಹಗ್ಗವನ್ನು ಬೆರಳುಗಳ ನಡುವೆ ಸಾಗಿಸಿದ. ಒಂದು ಕಡೆ ಬೆರಳು ನಿಂತಿತು. ಬುಡಕ್ಕೆ ಉಜ್ಜಿ ಉಜ್ಜಿ ಅಲ್ಲಿ ನೈಲಾನ್ ಎಳೆಗಳು ಕರಗಿ ಗಾಜಿನ ಹಾಗೆ ನುಣುಪಾಗಿದ್ದವು. ಕೆಂಪು ದಾರ ಎಲ್ಲಿಟ್ಟಿದ್ದೀಯ ಎಂದು ಕೇಳಿದ. ತಂದುಕೊಟ್ಟಳು. ಅವನೇ ಕಟ್ಟಿದ.

ಟೀಚರ್ ಎದ್ದು ಓಡಾಡುವ ಹಾಗಾದ ಮೇಲೆ, ಉಡ ಓಣಿಯಲ್ಲಿ ಹಾದು ಹೋಗುವಾಗೆಲ್ಲ ಒಡೆದ ಹೆಂಚಿನ ಲೆಕ್ಕ ಇನ್ನೂ ತೀರಿಲ್ಲ ಎಂದು ಕಿಟಕಿಯಿಂದ ಛೇಡಿಸುವರು. ಗುಬ್ಬಿ ಆಮೇಲೆಯೂ ಹಗ್ಗ ಬಿಡಲಿಲ್ಲ. ತನ್ನ ಅಳತೆಗೆ ಸಣ್ಣ ಕೈಗವಸು ಹೊಲಿಸಿಕೊಂಡಳು, ಹೊಲಿದುಕೊಟ್ಟವರು ಟೀಚರೇ. ಬುಡಕ್ಕೆ ಮೂರೇ ಸುತ್ತು ಹಾಕುವಳು. ಸಂಜೆ ಹಗ್ಗ ನೋಡುವುದು ಗೂಟನ ಪಾಲಿಗೆ ಬಂತು, ಅವನು ಹೇಳದೆ ಯಾವ ಹಗ್ಗವೂ ಮನೆಯಿಂದ ಹೊರಗೆ ಹೋಗುವುದಿಲ್ಲ. ಬಟ್ಟೆ ಒಣಹಾಕುವ ಹಗ್ಗ ಮಾತ್ರ ಆ ಮನೆಯಲ್ಲಿ ಈಗ ಮೊದಲಿಗಿಂತಲೂ ಹೆಚ್ಚಾಗಿದೆ. ಅವನು ತಂಗಿಗಿಂತ ಬಲು ಅನುಮಾನದವನು.