ಕೆಂಪು ಚುಕ್ಕೆಯ ಸ್ವಿಚ್ಚು

ಆ ಕಾಲದ ಕೊಟ್ಟೂರಿನಲ್ಲಿ ಟಾರ್ಚಿನ ಸೆಲ್ಲು ಬೇಕಾದಷ್ಟು ಸಿಗುತ್ತಿತ್ತು. ಒಂಬತ್ತು ವೋಲ್ಟಿನ ಚೌಕ ಬ್ಯಾಟರಿ ಬೇಕೆಂದರೆ ಮಾತ್ರ ದಾವಣಗೆರೆಗೆ ಹೋಗುವವರ ಕಾಲು ಹಿಡಿಯಬೇಕಿತ್ತು. ನಾನು ಹಗಲು ಬಟ್ಟೆ ಅಂಗಡಿಯಲ್ಲಿ ಶರ್ಟ್ ಪೀಸು ಹರಿಯುತ್ತಿದ್ದೆ, ಮದುವೆ ಸೀಜನ್ನಿನಲ್ಲಿ ಒಂದು ಆರ್ಕೆಸ್ಟ್ರಾ ಪಾರ್ಟಿಯಲ್ಲಿ ಗಿಟಾರ್ ನುಡಿಸುತ್ತಿದ್ದೆ. ಅಂಗಡಿಯಲ್ಲಿ ನನ್ನನ್ನು ‘ಲೇ’ ಎನ್ನುತ್ತಿದ್ದ ಜನ ಸ್ಟೇಜಿನ ಕೆಳಗೆ ನಿಂತು ನನ್ನ ಬೆರಳು ನೋಡುತ್ತಿದ್ದರು. ಆ ಜಾಗ ಬಿಟ್ಟರೆ ನನಗೆ ಬೇರೆ ಏನೂ ಇರಲಿಲ್ಲ. ಮುಂದೆ ಮಾಡಿದ್ದಕ್ಕೆ ನೆಪ ಹೇಳುತ್ತಿಲ್ಲ, ನೆಪ ಹೇಳುವ ವಯಸ್ಸು ದಾಟಿದೆ.

ಪಾರ್ಟಿಯ ಮಾಲೀಕನೇ ಹಾಡುಗಾರ. ಅವನು ಮುಂಬಯಿಯಿಂದ ಆ ಚೌಕ ಬ್ಯಾಟರಿಯಲ್ಲಿ ನಡೆಯುವ, ಕಾಲಿನಿಂದ ಒತ್ತುವ ಮೂರು ಪೆಡಲು ತರಿಸಿದ. ಗಿಟಾರಿನ ವೈರು ಇವುಗಳ ಮೂಲಕ ಹಾದು ಆಂಪ್ಲಿಫೈಯರಿಗೆ ಹೋಗುತ್ತದೆ. ಒಂದನ್ನು ಒತ್ತಿದರೆ ಸ್ವರ ಒರಟಾಗುತ್ತದೆ, ಒಂದು ನಡುಗಿಸುತ್ತದೆ, ಇನ್ನೊಂದು ಪಾದದ ತುಳಿತಕ್ಕೆ ತಕ್ಕಂತೆ ವಾಂ ವಾಂ ಎಂದು ಅಳುತ್ತದೆ. ಇವು ಕೆಟ್ಟರೆ ನಿನ್ನ ಜಾಗಕ್ಕೆ ಹೊಸಪೇಟೆಯಿಂದ ಬೇರೆಯವನನ್ನು ಕರೆಸುತ್ತೇನೆ ಎಂದು ಕೊಡುವಾಗಲೇ ಹೇಳಿದ್ದ. ಹಡಗಲಿಯ ಒಂದು ಮದುವೆಯಲ್ಲಿ ಹಾಡಿನ ನಡುವೆ ಬ್ಯಾಟರಿ ಸತ್ತು ಗಿಟಾರು ನೆಗಡಿ ಹಿಡಿದ ಕುರಿಯ ಹಾಗೆ ಒದರಿತು. ಜನ ನಕ್ಕರು, ಮಾಲೀಕ ನಗಲಿಲ್ಲ. ಬ್ಯಾಟರಿಯ ಬದಲು ಮನೆಯ ಕರೆಂಟಿನಿಂದ ರೇಡಿಯೊ ಓಡಿಸುವ ಎಲಿಮಿನೇಟರ್ ತಂದು ಮೂರಕ್ಕೂ ಒಂದನ್ನೇ ಜೋಡಿಸಿದೆ. ಬ್ಯಾಟರಿಯ ಗೋಳು ತಪ್ಪಿತು, ಆದರೆ ಹಾಡಿಗಿಂತ ಜೋರಾಗಿ ಗುಂಯ್ ಎನ್ನುವ ಸದ್ದು ಹತ್ತಿಕೊಂಡಿತು.

ಆಗ ಹೋದದ್ದು ಬಸ್ ಸ್ಟ್ಯಾಂಡಿನ ಹಿಂದೆ ರೇಡಿಯೊ ರಿಪೇರಿ ಅಂಗಡಿ ಇಟ್ಟಿದ್ದ ಚಾಚಾ ಹತ್ತಿರ. ನಮ್ಮ ಸೀಮೆಯಲ್ಲಿ ಟ್ರಾನ್ಸ್‌ಫಾರ್ಮರಿಗೆ ಕೈಯಿಂದ ತಂತಿ ಸುತ್ತುವುದರಲ್ಲಿ ಅವರನ್ನು ಮೀರಿಸಿದವರಿಲ್ಲ. ಸುತ್ತುವಾಗ ಯಾರಾದರೂ ಮಾತಾಡಿಸಿದರೆ ಎಣಿಕೆ ತಪ್ಪೀತೆಂದು ಮೊದಲೇ ಬಾಯಿ ತುಂಬ ಎಲೆ ಅಡಿಕೆ ತುಂಬಿಕೊಳ್ಳುತ್ತಿದ್ದರು. ಎಣಿಕೆ ತಪ್ಪದ ಕೈ ಎಂಬುದೊಂದೇ ಅವರ ಜಂಬ.

ನನ್ನ ಗೋಳು ಕೇಳಿ ಅವರು, ಮೂರು ಸೊಸೆಯರಿಗೆ ಒಂದೇ ಒಲೆ ಇಟ್ಟರೆ ಜಗಳ ಆಗದೆ ಇನ್ನೇನು, ಮೂರು ಒಲೆ ಹೂಡೋಣ ಎಂದರು. ಒಂದೇ ಟ್ರಾನ್ಸ್‌ಫಾರ್ಮರಿನಲ್ಲಿ ಒಂದೊಂದು ಪೆಡಲಿಗೆ ಬೇರೆ ಬೇರೆ ಸುತ್ತು ಹಾಕಿದರು. ಹಳೆಯ ಬಾಗಿಲಿನ ಹಲಗೆಯ ಮೇಲೆ ಪೆಡಲುಗಳನ್ನು ಸೈಕಲ್ ಟ್ಯೂಬಿನ ಪಟ್ಟಿಯಿಂದ ಬಿಗಿದೆವು. ಟ್ರಾನ್ಸ್‌ಫಾರ್ಮರನ್ನು ಹಲಗೆಯ ಕೆಳಗೆ ಕೂಡಿಸುವುದಕ್ಕೇ ಅರ್ಧ ದಿನ ಹೋಯಿತು. ಅಳುವ ಪೆಡಲಿನ ಹತ್ತಿರ ತಂದರೆ ಗುಂಯ್ ಎನ್ನುತ್ತಿತ್ತು. ಚಾಚಾ ಅದನ್ನು ಇಷ್ಟಿಷ್ಟೇ ಸರಿಸುತ್ತ, ತಿರುಗಿಸುತ್ತ ಹೋದರು. ಒಂದು ಮೂಲೆಯಲ್ಲಿ ಅಡ್ಡ ತಿರುಗಿಸಿದಾಗ ಸದ್ದು ನಿಂತಿತು. ಅಲ್ಲೇ ಸೀಮೆಸುಣ್ಣದಿಂದ ಗೆರೆ ಎಳೆದು ಬೋಲ್ಟು ಹಾಕಿದರು. ಕೂಲಿ ಬೇಡ ಎಂದರು. ಹಲಗೆ ಸರಿಯಾಗಿ ನಡೆದರೆ ಪಾರ್ಟಿಯ ಮೈಕ್ ಸೆಟ್ಟಿನ ಎಲ್ಲ ರಿಪೇರಿಯೂ ಅವರಿಗೇ ಎಂದು ಮಾಲೀಕ ಮಾತು ಕೊಟ್ಟಿದ್ದ.

ಹಲಗೆಯ ಅಂಚಿಗೊಂದು ಸ್ವಿಚ್ಚಿತ್ತು. ಪಂಪ್‌ಸೆಟ್ಟು, ಹಿಟ್ಟಿನ ಗಿರಣಿ ಎಲ್ಲ ಎಳೆದು ಬಿಟ್ಟ ಎಂಜಲು ಕರೆಂಟು ನಮ್ಮೂರಿನದು, ಸಂಜೆ ಬಲ್ಬಿನ ತಂತಿ ಕೆಂಪಗೆ ಕಾಣುತ್ತಿತ್ತು. ಆ ಬಡ ಕರೆಂಟಿಗೆ ತಕ್ಕ ಹಾಗೆ ಒಂದು ಕಡೆ, ಪೂರ್ತಿ ಕರೆಂಟಿಗೆ ಇನ್ನೊಂದು ಕಡೆ. ಮೇಲೆ ಬಡ ಕರೆಂಟಿನ ಕೆಂಪು ಚುಕ್ಕೆ, ಕೆಳಗೆ ಪೂರ್ತಿ ಕರೆಂಟಿನ ಬಿಳಿ ಚುಕ್ಕೆ.

“ಜನರೇಟರ್ ಇದ್ದಲ್ಲಿ ಮೊದಲ ಇದನ್ನ ಕೆಳಗ ಒತ್ತು, ಆಮ್ಯಾಲೆ ಪ್ಲಗ್ ಹಾಕು,” ಎಂದರು ಚಾಚಾ. “ಮರತಿ ಅಂದ್ರ ಮೂರೂ ಸುಡ್ತಾವ ನೋಡು.”

ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ ಎಂದು ಆ ಸೀಜನ್ನೆಲ್ಲ ತಿರುಗಿದೆವು. ಎಲ್ಲೆಡೆ ಅದೇ ಸೊರಗಿದ ಕರೆಂಟು, ಸ್ವಿಚ್ಚು ಕೆಂಪು ಚುಕ್ಕೆಯ ಕಡೆಗೇ ಇತ್ತು. ಆಮೇಲೆ ಹರಪನಹಳ್ಳಿಯ ಮದುವೆ ಬಂತು. ಹೆಣ್ಣಿನ ಕಡೆಯವರು ದೊಡ್ಡ ಕುಳ, ಜನರೇಟರ್ ತರಿಸಿದ್ದರು. ನಾವು ಸಾಮಾನು ಇಳಿಸುವಾಗ ಬಲ್ಬುಗಳೆಲ್ಲ ಒಮ್ಮೆಗೇ ಬೆಳ್ಳಗೆ ಹೊತ್ತಿಕೊಂಡವು. ನಾನು ಬಾಯಿ ತೆರೆದು ನಿಂತೆ. ಅಂಥ ಬೆಳಕನ್ನು ನನ್ನ ಜನ್ಮದಲ್ಲಿ ಕಂಡಿರಲಿಲ್ಲ. ಕರೆಂಟು ಸಾಲದು ಎಂದು ಗೋಳಾಡಿದವರು ನಾವು, ಹೆಚ್ಚಾದೀತು ಎಂಬ ಹೆದರಿಕೆ ನಮ್ಮ ಊರಿನ ಯಾರ ಹೊಟ್ಟೆಯಲ್ಲೂ ಹುಟ್ಟಿರಲಿಲ್ಲ. ಹಿಗ್ಗಿನಲ್ಲೇ ಪ್ಲಗ್ ಹಾಕಿದೆ. ಮೊದಲ ಹಾಡಿನ ಪಲ್ಲವಿ ಮುಗಿಯುವ ಮೊದಲೇ ಕಾಲ ಬಳಿ ಫಟ್ ಎಂದಿತು. ಸುಟ್ಟ ವಾಸನೆ ಮೂಗಿಗೆ ಬಡಿದ ಗಳಿಗೆಯಲ್ಲೇ ಸ್ವಿಚ್ಚು ನೆನಪಾಯಿತು.

ಮರುದಿನ ಬಸ್ಸಿನಲ್ಲಿ ಹಲಗೆ ನನ್ನ ತೊಡೆಯ ಮೇಲಿತ್ತು. ಎರಡು ಸಲ ನನ್ನ ಬೆರಳು ಸ್ವಿಚ್ಚಿನ ತನಕ ಹೋಗಿ ವಾಪಸ್ಸು ಬಂತು, ಮಾಲೀಕ ಪಕ್ಕದಲ್ಲೇ ಕೂತಿದ್ದ. ಸೀದಾ ಚಾಚಾನ ಅಂಗಡಿಗೆ ಹೋದೆವು. ಚಾಚಾ ನಮ್ಮ ಮುಖ ನೋಡಿದವರೇ ಚಹಾಕ್ಕೆ ಹೇಳಿದರು. ಮಾಲೀಕ ಬೀದಿಯ ಜನಕ್ಕೆಲ್ಲ ಕೇಳುವಂತೆ, ನಿನ್ನ ಕೈಯ ಸುತ್ತು ನಂಬಿ ಕೆಟ್ಟೆ ಎಂದು ಕೂಗಾಡಿದ. ಚಾಚಾ ಹಲಗೆ ಹೊರಳಿಸಿದರು. ಸ್ವಿಚ್ಚು ನೋಡಿದರು, ನನ್ನನ್ನು ನೋಡಿದರು. ಮಾಲೀಕ ಬೀದಿಯ ಕಡೆ ತಿರುಗಿದ್ದಾಗ ಹೆಬ್ಬೆರಳಿನಿಂದ ಅದನ್ನು ಮೆಲ್ಲಗೆ ಬಿಳಿ ಚುಕ್ಕೆಯ ಕಡೆ ಒತ್ತಿದರು.

“ನಂದ ತಪ್ಪು ಮಾಲಕ್ರ. ಸುತ್ತೋವಾಗ ಎಣಿಕಿ ತಪ್ಪೈತಿ.”

ಅಷ್ಟು ಹೇಳಿ ಅವರು ಮತ್ತೆ ನನ್ನ ಕಡೆ ನೋಡಿದರು. ನಾನು ಚಹಾದ ಗ್ಲಾಸು ನೋಡುತ್ತಿದ್ದೆ. ಛೀ, ಎರಡೇ ಮಾತು ಸಾಕಿತ್ತು. ಚಹಾ ಕುಡಿಯದೆ ಮಾಲೀಕ ಎದ್ದ, ನಾನೂ ಬಾಲದ ಹಾಗೆ ಹಿಂದೆ ಹೋದೆ. ಹಲಗೆ ಅಲ್ಲೇ ಬಿತ್ತು. ಪಾರ್ಟಿಯ ಒಂದು ತಂತಿಯೂ ಮತ್ತೆ ಆ ಅಂಗಡಿಯ ಮೆಟ್ಟಿಲು ಹತ್ತಲಿಲ್ಲ. ಎಣಿಕೆ ತಪ್ಪಿದ ಸಾಬಿ ಎಂದು ಊರು ಆಡಿಕೊಂಡಿತು. ನಾನು ಆ ಬೀದಿ ಬಿಟ್ಟು ಸುತ್ತು ಹಾಕಿ ಓಡಾಡುತ್ತಿದ್ದೆ. ಜಾಗವೇನೋ ಉಳಿಯಿತು. ಮೂರೇ ವರ್ಷ. ಮಾಲೀಕ ಬಟನ್ ಒತ್ತಿದರೆ ಎಲ್ಲ ವಾದ್ಯ ನುಡಿಯುವ ಕೀಬೋರ್ಡ್ ತಂದ, ಗಿಟಾರು ಬೇಡ ಎಂದ. ಏರಿದ ಏಣಿ ಒದ್ದವನಿಗೆ ಅಟ್ಟವೂ ಉಳಿಯಲಿಲ್ಲ. ಮಾಡಿದ್ದುಣ್ಣೋ ಮಹಾರಾಯ.

ಆಮೇಲೊಂದು ದಿನ ಮನೆಯ ರೇಡಿಯೊ ಕೆಟ್ಟಿತೆಂಬ ನೆಪ ಮಾಡಿಕೊಂಡು ಹೋದೆ. ಮೇಜಿನ ಮೇಲೆ ಅದೇ ಟ್ರಾನ್ಸ್‌ಫಾರ್ಮರ್ ಇತ್ತು. ರಿಪೇರಿಗೆ ಬಂದ ರೇಡಿಯೊಗಳನ್ನು ಚಾಚಾ ಅದರಿಂದಲೇ ಓಡಿಸಿ ನೋಡುತ್ತಿದ್ದರು. ಚಾಚಾ, ಆ ದಿನ ಸ್ವಿಚ್ಚು ಒತ್ತುವುದನ್ನು ನಾನು ಮರೆತಿದ್ದೆ ಎಂದೆ. 

“ಗೊತ್ತೈತಿ,” ಎಂದರು, ತಲೆ ಎತ್ತದೆ. “ನಿನ್ನ ಉಳಸಾಕಂತ ನಾ ಹಂಗ ಹೇಳಲಿಲ್ಲ ತಮ್ಮಾ. ಚಾಚಾನ ಎಣಿಕಿ ತಪ್ಪೈತಿ ಅಂದ್ರ ನೀ ಸುಮ್ನಿರಂಗಿಲ್ಲ, ಇಲ್ಲ ಅಂತಿ ಅಂದ್ಕೊಂಡಿದ್ದೆ. ಚಹಾ ಆರೋತನಕ ಕಾಯ್ದೆ.”

ನಾನು ಇನ್ನೇನೋ ಹೇಳಲು ಹೊರಟೆ. ಅವರು ಬಾಯಿ ತುಂಬ ಎಲೆ ಅಡಿಕೆ ಹಾಕಿಕೊಂಡು ತಂತಿ ಸುತ್ತಲು ಕೂತರು.