ಅನ್ನ ಹಾಕಿದ ಕಾಲು

ಎಂಬತ್ತರ ದಶಕದಲ್ಲಿ, ಪೀಣ್ಯದ ನನ್ನ ಲೇತ್ ಶೆಡ್ಡಿಗೆ ಸ್ಕಾಟ್ಲೆಂಡಿನ ಇನ್‌ಸ್ಪೆಕ್ಟರೊಬ್ಬ ಬಂದಿದ್ದ. ಅವನು ಮಾಲು ಒಪ್ಪಿದರೆ ನನಗೆ ಮೊದಲ ವಿದೇಶಿ ಆರ್ಡರ್. ನನ್ನ ಕೈಯಿಂದ ಜಾರಿದ ಹಿತ್ತಾಳೆ ರಿಂಗೊಂದು ಚರಂಡಿಯತ್ತ ಉರುಳಿತು. ಅವನು ಅದನ್ನು ಬೂಟುಗಾಲಲ್ಲಿ ತಡೆದು, ಮೇಲಕ್ಕೆ ಚಿಮ್ಮಿಸಿ ಹಿಡಿದ! ಅನ್ನ ಕೊಡುವ ಮಾಲಿಗೆ ಬೂಟುಗಾಲೇ?

"ಕಣ್ಣಿಗೊತ್ತಿಕೊಳ್ಳಿ!" ಎಂದು ನಾನೇ ಓದಿ ಕಲಿತ ಇಂಗ್ಲಿಷಿನಲ್ಲಿ ಗದರಿದೆ.

"ಅಕ್ಕಾ, ಆರ್ಡರ್ ಹೋಗ್ಬಿಡುತ್ತೆ, ಸುಮ್ನಿರಿ" ಎಂದ ಮೇಸ್ತ್ರಿ.

"ಹೋದ್ರೆ ಹೋಗ್ಲಿ ಕಣೋ."

ಸಾಹೇಬ ತೆಪ್ಪಗೆ ಕಣ್ಣಿಗೊತ್ತಿಕೊಂಡ. "ಕ್ಷಮಿಸಿ ಮೇಡಂ. ಮಂಡಿ ಮುರಿಯುವವರೆಗೂ ನಾನು ಫುಟ್‌ಬಾಲ್ ಕ್ಲಬ್ಬಿನ ಮಿಡ್‌ಫೀಲ್ಡರ್. ಚೆಂಡು ಕಸಿದು ಮುಂದಿನವರಿಗೆ ದಾಟಿಸುವುದೇ ಕೆಲಸ. ನನಗೆ ಅನ್ನ ಹಾಕಿದ್ದು ಈ ಕಾಲೇ."

ಕಾಲು ಅನ್ನ ಹಾಕುತ್ತದೆಯೇ?

ಆರ್ಡರ್ ಸಿಕ್ಕಿತು. ಆಯುಧಪೂಜೆಗೆ ಮುಂಚೆಯೇ ಅವನು ಊರಿಗೆ ಹೊರಟದ್ದು ಒಳ್ಳೆಯದಾಯಿತು. ಇಲ್ಲದಿದ್ದರೆ ಲೇತಿನ ಜೊತೆ ಆ ಕಾಲಿಗೂ ಕುಂಕುಮ ಇಡಬೇಕಾಗುತ್ತಿತ್ತು.